ಕರುಳಿನ ಒಕ್ಕಲು

ಹೆಪ್ಪು ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಬಿತ್ತನೆಯ ಬೀಜಕ್ಕಿರುವಷ್ಟೇ ಮರ್ಯಾದೆಯುಂಟು. ಮೊಸರೆಲ್ಲ ತೀರಿದರೂ ಪಾತ್ರೆಯ ತಳದಲ್ಲಿ ಒಂದು ಚಮಚೆಯಷ್ಟನ್ನು ಉಳಿಸಿಕೊಳ್ಳದ ಗೃಹಿಣಿಯಿಲ್ಲ. ಮರೆತವಳು ನೆರೆಮನೆಯಿಂದ ತಂದಾಳಲ್ಲದೆ ಆ ಪರಂಪರೆಯನ್ನು ಕಡಿಯಗೊಡಳು. ಉಗುರುಬೆಚ್ಚನೆಯ ಹಾಲಿಗೆ ಬಿದ್ದ ಆ ತೊಟ್ಟು ಬೆಳಗಾಗುವುದರೊಳಗೆ ಪಾತ್ರೆಯನ್ನೆಲ್ಲ ತನ್ನದಾಗಿಸಿಕೊಳ್ಳುವುದನ್ನು ಕಂಡ ಮನುಷ್ಯನಿಗೆ, ಹಾಲಿನಲ್ಲಿ ಹೀಗೆ ಬೇರೂರುವ ಈ ಬೀಜವು ಉಂಡವನ ಹೊಟ್ಟೆಯಲ್ಲಿಯೂ ಬೇರೂರೀತೆ, ಬೇರೂರಿ ಅವನ ಜೀರ್ಣಶಕ್ತಿಯನ್ನೂ ಮೈಯ ತೂಕವನ್ನೂ ಆಯುಸ್ಸನ್ನೂ ತಿದ್ದೀತೆ ಎಂಬ ಪ್ರಶ್ನೆ ಹುಟ್ಟಿದುದು ಸಹಜವೇ. ಇಂದು ಔಷಧದಂಗಡಿಗಳಲ್ಲಿ ಪ್ರೊಬಯಾಟಿಕ್ ಎಂಬ ಹೆಸರಿನಿಂದ ಮಾರಾಟವಾಗುವ ಮಾತ್ರೆ, ಪುಡಿ, ಪಾನೀಯಗಳೆಲ್ಲವೂ ಆ ಒಂದು ಪ್ರಶ್ನೆಯ ಸಂತಾನ. ಅದರ ಚರಿತ್ರೆಯನ್ನು ಬಲ್ಲವನು ಅಂಗಡಿಯ ಮುಂದೆ ನಿಂತಾಗ ಹೆಚ್ಚಿನ ವಿವೇಕದಿಂದ ಕೈಚಾಚಿಯಾನೆಂಬ ಆಶೆಯಿಂದ ಇಲ್ಲಿ ಅದನ್ನು ಹೇಳಹೊರಟಿದ್ದೇನೆ.

ಹುಳಿಯಾದ ಹಾಲು ಹೊಟ್ಟೆಗೆ ಹಿತವೆಂಬ ಅರಿವು ಬಹು ಪ್ರಾಚೀನವಾದುದು. ಚರಕಸಂಹಿತೆಯು ಗ್ರಹಣೀರೋಗಕ್ಕೂ ಮೂಲವ್ಯಾಧಿಗೂ ಚಿಕಿತ್ಸೆಯನ್ನು ವಿಧಿಸುವಾಗ ತಕ್ರವನ್ನು, ಎಂದರೆ ಮಜ್ಜಿಗೆಯನ್ನು, ವಿಶೇಷವಾಗಿ ಕೊಂಡಾಡುತ್ತದೆ. ಆದರೆ ಮಜ್ಜಿಗೆಯಲ್ಲಿ ಜೀವಿಗಳಿವೆಯೆಂಬುದನ್ನಾಗಲಿ, ಮನುಷ್ಯದೇಹವೇ ಅಂತಹ ಜೀವಿಗಳ ಬೀಡೆಂಬುದನ್ನಾಗಲಿ ತಿಳಿಯುವುದಕ್ಕೆ ಸೂಕ್ಷ್ಮದರ್ಶಕವು ಬರಬೇಕಾಯಿತು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿ ಲೇವನ್‌ಹುಕನು ತಾನೇ ಅರೆದು ಮಾಡಿದ ಮಸೂರದ ಕೆಳಗೆ 1683ರಲ್ಲಿ ತನ್ನ ಹಲ್ಲಿನ ಪಾಚಿಯನ್ನಿಟ್ಟು, ಅದರಲ್ಲಿ ಚಲಿಸುವ ಅತಿಸೂಕ್ಷ್ಮ ಪ್ರಾಣಿಗಳನ್ನು ಕಂಡು, ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಹಾಲು ಹುಳಿಯಾಗುವುದು ಜೀವಿಗಳ ಕ್ರಿಯೆಯಿಂದಲೇ ಎಂಬುದನ್ನು ಪಾಶ್ಚರನು 1857ರಲ್ಲಿ ಸಾಧಿಸಿದನು. ಎಷೆರಿಕನೆಂಬ ವೈದ್ಯನು 1885ರಲ್ಲಿ ಶಿಶುಗಳ ಮಲದಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿದನು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ತಿಸಿಯೆ 1899ರಲ್ಲಿ ಮೊಲೆಹಾಲುಣ್ಣುವ ಕೂಸುಗಳ ಕರುಳಿನಲ್ಲಿ ಕವಲುಗೋಲಿನ ಆಕಾರದ ಮತ್ತೊಂದು ಬ್ಯಾಕ್ಟೀರಿಯವನ್ನು ಕಂಡನು. ಕರುಳು ನಿರ್ಜನವಲ್ಲ, ಅಲ್ಲಿ ಒಕ್ಕಲಿದೆ ಎಂಬುದು ಹೀಗೆ ಸ್ಥಿರಪಟ್ಟಿತು.

ಆ ಒಕ್ಕಲನ್ನು ಬದಲಾಯಿಸಬಹುದೆಂದು ಮೊದಲು ಲೋಕಕ್ಕೆ ಸಾರಿದವನು ಅದೇ ಸಂಸ್ಥೆಯಲ್ಲಿದ್ದ ರಷ್ಯದ ಇಲ್ಯಾ ಮೆಚ್ನಿಕೋಫ್. 1845ರಲ್ಲಿ ಹುಟ್ಟಿದ ಈತನು ಯೌವನದಲ್ಲಿ ಕ್ಷಯರೋಗಕ್ಕೆ ಪತ್ನಿಯನ್ನು ಬಲಿಗೊಟ್ಟು, ದುಃಖದಲ್ಲಿ ಪ್ರಾಣತ್ಯಾಗಕ್ಕೂ ಯತ್ನಿಸಿದ್ದವನು. 1882ರಲ್ಲಿ ಇಟಲಿಯ ಮೆಸ್ಸಿನಾ ಕಡಲತೀರದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಯ ಮೈಗೆ ಮುಳ್ಳನ್ನು ಚುಚ್ಚಿ, ಅಲೆದಾಡುವ ಜೀವಕೋಶಗಳು ಆ ಮುಳ್ಳನ್ನು ಮುತ್ತಿ ಕವಿಯುವುದನ್ನು ಕಂಡು, ದೇಹರಕ್ಷಣೆಯ ಒಂದು ಮೂಲತತ್ತ್ವವನ್ನೇ ಅರಿತವನು. ಅದಕ್ಕಾಗಿ 1908ರಲ್ಲಿ ಪಾಲ್ ಎರ್ಲಿಕನೊಡನೆ ನೊಬೆಲ್ ಪಾರಿತೋಷಕವನ್ನು ಪಡೆದವನು. ಯೌವನದಲ್ಲಿ ಬದುಕೇ ಬೇಡವೆಂದಿದ್ದ ಆತನಿಗೆ ವಯಸ್ಸು ಸಂದಂತೆ ಬದುಕಿನಲ್ಲಿ ಅಪಾರವಾದ ಪ್ರೀತಿ ಹುಟ್ಟಿತು. ಮುಪ್ಪೆಂಬುದು ಪ್ರಕೃತಿನಿಯಮವಲ್ಲ, ಅದೊಂದು ವ್ಯಾಧಿ, ವ್ಯಾಧಿಯಾದುದರಿಂದ ಅದಕ್ಕೆ ಕಾರಣವಿದ್ದೇ ತೀರಬೇಕು ಎಂದು ಆತನು ಬಗೆದನು.

ಆ ಕಾರಣವು ಆತನಿಗೆ ದೊಡ್ಡ ಕರುಳಿನಲ್ಲಿ ತೋರಿತು. ಅಲ್ಲಿ ತಂಗುವ ಅನ್ನಶೇಷವನ್ನು ಬ್ಯಾಕ್ಟೀರಿಯಗಳು ಕೊಳೆಯಿಸುತ್ತವೆ, ಕೊಳೆತುದರಿಂದ ಹುಟ್ಟಿದ ವಿಷವು ರಕ್ತಕ್ಕಿಳಿದು ನಾಳಗಳನ್ನು ಗಡುಸುಗೊಳಿಸುತ್ತದೆ, ಮುಪ್ಪು ಬೇಗ ಬರುತ್ತದೆ ಎಂಬುದು ಆತನ ವಾದ. ಹಾಲು ಹುಳಿಯಾದರೆ ಕೊಳೆಯುವುದಿಲ್ಲವಷ್ಟೆ. ಹಾಗಾದರೆ ಹುಳಿಮಾಡುವ ಬ್ಯಾಕ್ಟೀರಿಯವನ್ನು ಕರುಳಿನಲ್ಲಿ ಬಿತ್ತಿದರೆ ಅಲ್ಲಿಯ ಕೊಳೆಯುವಿಕೆಯೂ ನಿಲ್ಲಬೇಕಲ್ಲವೆ? ಬಲ್ಗೇರಿಯದ ರೈತರಲ್ಲಿ ದೀರ್ಘಾಯುಗಳು ಬಹಳವೆಂದೂ, ಅವರ ನಿತ್ಯದ ಆಹಾರದಲ್ಲಿ ಹುಳಿಹಾಲು ಮುಖ್ಯವೆಂದೂ ಆತನಿಗೆ ತಿಳಿದುಬಂದಿತು. ಬಲ್ಗೇರಿಯದವನೇ ಆದ ಸ್ತಾಮೆನ್ ಗ್ರಿಗೊರೊವ್ ಎಂಬ ತರುಣ ವೈದ್ಯವಿದ್ಯಾರ್ಥಿಯು 1905ರಲ್ಲಿ ಜಿನೀವಾದ ಪ್ರಯೋಗಾಲಯದಲ್ಲಿ ತನ್ನ ನಾಡಿನ ಮೊಸರಿನಿಂದ ಕೋಲಿನಂತಹ ಬ್ಯಾಕ್ಟೀರಿಯವೊಂದನ್ನು ಗುರುತಿಸಿದಾಗ, ಮೆಚ್ನಿಕೋಫನಿಗೆ ಬೇಕಾಗಿದ್ದ ಬೀಜವು ಕೈಗೆ ಸಿಕ್ಕಂತಾಯಿತು. 1907ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು ಈ ಊಹೆಯನ್ನು ವಿಸ್ತರಿಸಿ ಬರೆದನು. ತಾನೂ ವರ್ಷಗಟ್ಟಲೆ ನಿತ್ಯವೂ ಹುಳಿಹಾಲನ್ನು ಸೇವಿಸಿದನು.

ಊಹೆಯು ಪ್ರಯೋಗಶಾಲೆಯ ಹೊಸ್ತಿಲನ್ನು ದಾಟಿದೊಡನೆ ಸಿದ್ಧಾಂತದ ವೇಷವನ್ನು ತೊಟ್ಟಿತು. ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಹುಳಿಹಾಲಿನ ಗೀಳು ಹಬ್ಬಿತು. ಬಲ್ಗೇರಿಯದ ಬ್ಯಾಕ್ಟೀರಿಯವು ಮಾತ್ರೆಯಾಗಿ, ಪುಡಿಯಾಗಿ, ಸೀಸೆಯ ಪಾನಕವಾಗಿ ವಿಕ್ರಯಕ್ಕೆ ಬಂದಿತು. ಲಂಡನ್ನಿನಲ್ಲಿ ಆರ್ಬತ್‌ನಾಟ್ ಲೇನ್ ಎಂಬ ಪ್ರಖ್ಯಾತ ಶಸ್ತ್ರವೈದ್ಯನು, ಕರುಳಿನ ವಿಷವೇ ಸಕಲ ವ್ಯಾಧಿಗಳ ಮೂಲವೆಂದು ನಂಬಿ, ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುವ ಸಾಹಸಕ್ಕೂ ಕೈಯಿಟ್ಟನು. ಮೆಚ್ನಿಕೋಫನು 1916ರಲ್ಲಿ, 71ನೆಯ ವಯಸ್ಸಿನಲ್ಲಿ, ಹೃದಯದ ಬೇನೆಯಿಂದ ತೀರಿಕೊಂಡನು. ಒಬ್ಬನ ಆಯುಸ್ಸಿನಿಂದ ಸಿದ್ಧಾಂತವೊಂದನ್ನು ಅಳೆಯುವುದು ನ್ಯಾಯವಲ್ಲ; ಹಾಗೆಯೇ ಒಂದು ನಾಡಿನ ಮುದುಕರ ಲೆಕ್ಕದಿಂದ ಅದನ್ನು ನಂಬಿದುದೂ ನ್ಯಾಯವಾಗಿರಲಿಲ್ಲ.

ಸರಿಯಾದ ಅಳತೆಯು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ಲಿಯೊ ರೆಟ್ಗರನೂ ಅವನ ಸಹಚರರೂ ಇಲಿಗಳಿಗೂ ಮನುಷ್ಯರಿಗೂ ಬಲ್ಗೇರಿಯದ ಬ್ಯಾಕ್ಟೀರಿಯವನ್ನು ಉಣಿಸಿ ಮಲವನ್ನು ಪರೀಕ್ಷಿಸಿ ನೋಡಿದರು. ಅದು ಕರುಳಿನಲ್ಲಿ ನೆಲೆಯೂರಲಿಲ್ಲ. ಬಂದ ನೆಂಟನು ಬಂದ ದಾರಿಯಲ್ಲಿಯೇ ಮುಂದೆ ಸಾಗಿಹೋದನು. ಕರುಳಿಗೇ ಸಹಜವಾದ ಅಸಿಡೋಫಿಲಸ್ ಎಂಬ ಜಾತಿಯನ್ನು ಹೇರಳವಾಗಿ ಕೊಟ್ಟಾಗ ಅದು ತಕ್ಕಮಟ್ಟಿಗೆ ಕಾಣಿಸಿಕೊಂಡಿತು. ಆದರೆ ಅವರು ಕಂಡ ಮತ್ತೊಂದು ಸಂಗತಿಯೇ ನನ್ನ ಮನಸ್ಸಿಗೆ ಈ ಚರಿತ್ರೆಯ ರತ್ನವೆಂದು ತೋರುತ್ತದೆ. ಬ್ಯಾಕ್ಟೀರಿಯವನ್ನೇ ಕೊಡದೆ, ಬರಿಯ ಹಾಲಿನ ಸಕ್ಕರೆಯನ್ನು ಇಲಿಗಳಿಗೆ ಧಾರಾಳವಾಗಿ ತಿನ್ನಿಸಿದಾಗಲೂ ಅವುಗಳ ಕರುಳಿನ ಒಕ್ಕಲು ಬದಲಾಯಿತು; ಮೊದಲೇ ಅಲ್ಲಿ ವಿರಳವಾಗಿದ್ದ ಹಿತಕರ ಜಾತಿಗಳು ತಮಗೊಪ್ಪುವ ಅನ್ನವು ದೊರೆತೊಡನೆ ತಾವೇ ಹೆಚ್ಚಿದವು. 1921ರಲ್ಲಿ ರೆಟ್ಗರ್ ಮತ್ತು ಚೆಪ್ಲಿನ್ ತಮ್ಮ ಗ್ರಂಥವನ್ನು ಹೊರತಂದರು. ಜನರು ಅದರಿಂದ ಅಸಿಡೋಫಿಲಸ್ ಎಂಬ ಹೊಸ ಹೆಸರನ್ನು ಮಾತ್ರ ಎತ್ತಿಕೊಂಡರು. ಅನ್ನದ ಪಾಠವನ್ನು ಅಲ್ಲಿಯೇ ಬಿಟ್ಟರು.

ಆ ಕಾಲದ ಬೇರೆ ಕೆಲವು ಯತ್ನಗಳು ಇಂದಿಗೂ ಜೀವಂತವಾಗಿವೆ. ಮೊದಲನೆಯ ಮಹಾಯುದ್ಧದಲ್ಲಿ ಆಮಶಂಕೆಯು ಸೈನ್ಯವನ್ನು ನೆಲಕ್ಕೆ ಕೆಡಹುತ್ತಿದ್ದಾಗ ಅದು ತಗಲದೆ ಉಳಿದ ಸೈನಿಕನೊಬ್ಬನ ಕರುಳಿನಿಂದ, ಫ್ರೈಬುರ್ಗಿನ ವೈದ್ಯ ಆಲ್ಫ್ರೆಡ್ ನಿಸ್ಲೆಯು 1917ರಲ್ಲಿ ಒಂದು ತಳಿಯನ್ನು ಬೇರ್ಪಡಿಸಿದನು. ದೊಡ್ಡ ಕರುಳಿನ ಹುಣ್ಣಿನ ವ್ಯಾಧಿಯು ಮರುಕಳಿಸದಂತೆ ತಡೆಯಲು ಜರ್ಮನಿಯಲ್ಲಿ ಅದನ್ನು ಈಗಲೂ ಬಳಸುತ್ತಾರೆ. ಸಲೊನಿಕದಿಂದ ಬಾರ್ಸಿಲೋನಕ್ಕೆ ಬಂದ ಐಸಾಕ್ ಕರಾಸೊ ಎಂಬಾತನು 1919ರಲ್ಲಿ, ಹೊಟ್ಟೆಬೇನೆಯ ಮಕ್ಕಳಿಗಾಗಿ ಮೊಸರನ್ನು ತಯಾರಿಸಿ, ತನ್ನ ಮಗ ಡೇನಿಯಲನ ಮುದ್ದಿನ ಹೆಸರಿನಿಂದ ಅದನ್ನು ಡಾನೋನ್ ಎಂದು ಕರೆದು, ಔಷಧದಂಗಡಿಗಳ ಮೂಲಕ ಮಾರಿದನು. ಜಪಾನಿನ ಕ್ಯೋಟೊ ವಿಶ್ವವಿದ್ಯಾನಿಲಯದ ಮಿನೋರು ಶಿರೋಟನು, ಜಠರದ ಆಮ್ಲಕ್ಕೂ ಪಿತ್ತರಸಕ್ಕೂ ಸಾಯದೆ ಕರುಳನ್ನು ಜೀವಂತವಾಗಿ ಸೇರಬಲ್ಲ ತಳಿಯೊಂದನ್ನು 1930ರಲ್ಲಿ ಬೆಳೆಸಿ, 1935ರಲ್ಲಿ ಯಾಕುಲ್ಟ್ ಎಂಬ ಹೆಸರಿನಿಂದ ಪುಟ್ಟ ಸೀಸೆಗಳಲ್ಲಿ ಜನರಿಗೆ ತಲಪಿಸಿದನು. ಆ ಹೆಸರಿನ ಮೂಲವು ಮೊಸರಿಗೆ ಎಸ್ಪೆರಾಂಟೊ ಭಾಷೆಯಲ್ಲಿರುವ ಮಾತು. ಪ್ರೊಬಯಾಟಿಕ್ ಎಂಬ ಶಬ್ದವಾದರೋ 1965ರಲ್ಲಿ ಲಿಲ್ಲಿ ಮತ್ತು ಸ್ಟಿಲ್‌ವೆಲ್ ಎಂಬ ವಿಜ್ಞಾನಿಗಳ ಲೇಖನದಿಂದ ಪ್ರಚಾರಕ್ಕೆ ಬಂದಿತು. ತಕ್ಕ ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಹಿತವನ್ನುಂಟುಮಾಡುವ ಜೀವಂತ ಸೂಕ್ಷ್ಮಾಣು ಎಂಬ ಅದರ ಲಕ್ಷಣವನ್ನು, 2001ರಲ್ಲಿ ಅರ್ಜೆಂಟೀನದ ಕಾರ್ಡೊಬದಲ್ಲಿ ಸೇರಿದ ಸಂಯುಕ್ತರಾಷ್ಟ್ರಗಳ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ನಿರೂಪಿಸಿದರು. ಜೀವಂತವಾಗಿರಬೇಕು, ಪ್ರಮಾಣವು ಸಾಕಷ್ಟಿರಬೇಕು, ಹಿತವು ಸಿದ್ಧಪಟ್ಟಿರಬೇಕು: ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಹೆಸರಿಗೆ ಅರ್ಹತೆಯಿಲ್ಲ.

ಇನ್ನು ಮೈಯ ತೂಕದ ಮಾತು. ಕರುಳಿನ ಒಕ್ಕಲಿಗೂ ಅದಕ್ಕೂ ನಂಟಿದೆಯೆಂಬುದರ ಮೊದಲ ಸುಳಿವು ದೊರೆತುದು ಕೋಳಿಮರಿಗಳಲ್ಲಿ. 1950ರ ಸುಮಾರಿಗೆ ಅಮೆರಿಕದಲ್ಲಿ ಸ್ಟಾಕ್‌ಸ್ಟಡ್ ಮತ್ತು ಜೂಕ್ಸ್ ಎಂಬವರು ಒಂದು ಜೀವಸತ್ತ್ವವನ್ನು ಅರಸುತ್ತ, ಆರಿಯೋಮೈಸಿನ್ ಎಂಬ ಪ್ರತಿಜೈವಿಕವನ್ನು ತಯಾರಿಸಿ ಉಳಿದ ಗಸಿಯನ್ನು ಮರಿಗಳಿಗೆ ತಿನ್ನಿಸಿದಾಗ, ಅವು ನಿರೀಕ್ಷೆಯನ್ನು ಮೀರಿ ಬೇಗ ಬೆಳೆದವು. ಕಾರಣವು ಗಸಿಯಲ್ಲಿ ಉಳಿದಿದ್ದ ಪ್ರತಿಜೈವಿಕವೇ ಎಂದು ತಿಳಿದುಬಂದಿತು. ಆ ಬಳಿಕ ಕೋಳಿ ಹಂದಿಗಳ ಮೇವಿನಲ್ಲಿ ಪ್ರತಿಜೈವಿಕಗಳನ್ನು ಬೆರಸುವ ಪದ್ಧತಿ ದಶಕಗಟ್ಟಲೆ ನಡೆದು, ಮದ್ದಿಗೆ ಬಗ್ಗದ ರೋಗಾಣುಗಳು ಹೆಚ್ಚುವ ಭಯದಿಂದ ಯೂರೋಪಿನ ಒಕ್ಕೂಟವು 2006ರಲ್ಲಿ ಅದನ್ನು ನಿಷೇಧಿಸಿತು. 2004ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಜೆಫ್ರಿ ಗಾರ್ಡನನ ಬಳಗವು, ಹುಟ್ಟಿನಿಂದಲೂ ಸೂಕ್ಷ್ಮಾಣುಗಳೇ ಇಲ್ಲದಂತೆ ಸಾಕಿದ ಇಲಿಗಳಿಗೆ ಸಾಮಾನ್ಯ ಇಲಿಗಳ ಕರುಳಿನ ಒಕ್ಕಲನ್ನು ಕೊಟ್ಟು ನೋಡಿತು. ಅವು ಮೊದಲಿಗಿಂತ ಕಡಿಮೆ ತಿಂದರೂ ಎರಡೇ ವಾರಗಳಲ್ಲಿ ಅವುಗಳ ಮೈಯ ಕೊಬ್ಬು ಸುಮಾರು ನೂರಕ್ಕೆ 60ರಷ್ಟು ಹೆಚ್ಚಿತು. ದೇಹವು ಅರಗಿಸಲಾರದ ನಾರನ್ನು ಬ್ಯಾಕ್ಟೀರಿಯಗಳು ಮುರಿದು, ಅದರಿಂದ ಶಕ್ತಿಯನ್ನು ಹಿಂಡಿಕೊಡುವುದು ಇದಕ್ಕೊಂದು ಕಾರಣ.

2013ರಲ್ಲಿ ಅದೇ ಬಳಗದವರು ಮಾಡಿದ ಪ್ರಯೋಗವು ರೆಟ್ಗರನ ಮರೆತ ಪಾಠವನ್ನು ಮತ್ತೆ ಎತ್ತಿ ಹಿಡಿಯಿತು. ಅವಳಿಗಳಲ್ಲಿ ಒಬ್ಬಳು ಸ್ಥೂಲಕಾಯಳೂ ಇನ್ನೊಬ್ಬಳು ಕೃಶಾಂಗಿಯೂ ಆದವರ ಕರುಳಿನ ಒಕ್ಕಲನ್ನು ಬೇರೆಬೇರೆ ಇಲಿಗಳಿಗೆ ಕೊಟ್ಟಾಗ, ಮೊದಲನೆಯವಳದನ್ನು ಪಡೆದವು ಹೆಚ್ಚು ಕೊಬ್ಬಿದವು. ಎರಡು ಬಗೆಯವನ್ನೂ ಒಂದೇ ಗೂಡಿನಲ್ಲಿಟ್ಟಾಗ ಕೃಶಾಂಗಿಯ ಬ್ಯಾಕ್ಟೀರಿಯಗಳು ನೆರೆಯ ಇಲಿಗಳಿಗೂ ದಾಟಿ ಬೊಜ್ಜನ್ನು ತಡೆದವು. ಆದರೆ ಕೊಬ್ಬು ಹೆಚ್ಚಾಗಿ ಹಣ್ಣು ತರಕಾರಿಗಳು ಕಡಿಮೆಯಾದ ಆಹಾರವನ್ನು ಕೊಟ್ಟಾಗ ಆ ನೆಂಟರು ನೆಲೆಗೊಳ್ಳಲೇ ಇಲ್ಲ.

ಇಲಿಯಲ್ಲಿ ಕಂಡುದನ್ನು ಮನುಷ್ಯನಿಗೆ ಹಚ್ಚುವಾಗ ಮೆಚ್ನಿಕೋಫನ ಕಾಲದ ಆತುರವನ್ನು ನೆನೆಯುವುದು ಒಳ್ಳೆಯದು. ಪ್ರೊಬಯಾಟಿಕ್‌ಗಳಿಂದ ತೂಕವನ್ನು ಇಳಿಸುವ ಪ್ರಯೋಗಗಳು ಮನುಷ್ಯರಲ್ಲಿ ಅನೇಕ ನಡೆದಿವೆ; ಕೆಲವುಗಳಲ್ಲಿ ಅತ್ಯಲ್ಪ ಇಳಿತವು ತೋರಿದೆ, ಕೆಲವುಗಳಲ್ಲಿ ಏನೂ ತೋರಿಲ್ಲ. ಜೀರ್ಣಾಂಗದ ಬೇನೆಗಳ ಬಗೆಗೆ ಅಮೆರಿಕದ ಜಠರಕರುಳು ವೈದ್ಯರ ಸಂಘವು 2020ರಲ್ಲಿ ಸಾಕ್ಷ್ಯಗಳನ್ನೆಲ್ಲ ತೂಗಿ ನೋಡಿ, ಅಕಾಲದಲ್ಲಿ ಹುಟ್ಟಿದ ಶಿಶುಗಳ ಕರುಳಿನ ಕೊಳೆರೋಗದ ತಡೆಯಂತಹ ಕೆಲವೇ ಸಂದರ್ಭಗಳಲ್ಲಿ ನಿರ್ದಿಷ್ಟ ತಳಿಗಳನ್ನು ಸೂಚಿಸಿ, ಬಹುಪಾಲು ಬೇನೆಗಳಿಗೆ ಅವುಗಳನ್ನು ಶಿಫಾರಸು ಮಾಡುವಷ್ಟು ಆಧಾರವಿಲ್ಲವೆಂದಿತು. ಒಂದು ತಳಿಯಲ್ಲಿ ಸಿದ್ಧವಾದ ಗುಣವು ಅದೇ ಜಾತಿಯ ಮತ್ತೊಂದರಲ್ಲಿರಬೇಕೆಂಬ ನಿಯಮವಿಲ್ಲ. ಇಷ್ಟರಿಂದ ಇದೆಲ್ಲವೂ ಹುಸಿಯೆಂದು ತಳ್ಳಿಬಿಡುವುದೂ ಅನ್ಯಾಯ. ನಮ್ಮ ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವಾರ ಕಾಲ ಒಂದು ತಳಿಯ ಲ್ಯಾಕ್ಟೋಬ್ಯಾಸಿಲಸನ್ನು ಅದರ ಅನ್ನವಾದ ಸಕ್ಕರೆಯೊಡನೆ ಉಣಿಸಿದ ಕೂಸುಗಳಲ್ಲಿ, ನಂಜಿಗೆ ಅಥವಾ ಸಾವಿಗೆ ಈಡಾದವುಗಳ ಪ್ರಮಾಣವು ನೂರಕ್ಕೆ 9ರಿಂದ 5.4ಕ್ಕೆ ಇಳಿಯಿತು. ಅಲ್ಲಿ ಬೀಜವನ್ನೂ ಗೊಬ್ಬರವನ್ನೂ ಒಟ್ಟಿಗೆ ಕೊಟ್ಟಿದ್ದರೆಂಬುದನ್ನು ಓದುಗರು ಲಕ್ಷಿಸಬೇಕು.

ಹಾಗಾದರೆ ಮನೆಯ ಮೊಸರಿನ ಗತಿಯೇನು? ಅದು ನೆಂಟನೇ ಹೌದು, ಒಕ್ಕಲಲ್ಲ. ಆದರೆ ಉಪಕಾರಿಯಾದ ನೆಂಟ. ಹಾಲಿನ ಸಕ್ಕರೆಯ ಒಂದು ಪಾಲನ್ನು ಅದರ ಬ್ಯಾಕ್ಟೀರಿಯಗಳು ಪಾತ್ರೆಯಲ್ಲಿಯೇ ಮುಗಿಸಿರುತ್ತವೆ. ಉಳಿದುದನ್ನು ಅರಗಿಸುವುದಕ್ಕೂ ಕರುಳಿನಲ್ಲಿ ನೆರವಾಗುತ್ತವೆ. ಆದುದರಿಂದಲೇ ಹಾಲು ಒಗ್ಗದ ಎಷ್ಟೋ ಜನರಿಗೆ ಮೊಸರೂ ಮಜ್ಜಿಗೆಯೂ ಒಗ್ಗುತ್ತವೆ. ಅದನ್ನು ಬಿಡಬೇಕಾಗಿಲ್ಲ, ಅದರಿಂದಾಗಲಿ ಅದರ ಮಾತ್ರೆಯಿಂದಾಗಲಿ ಬೊಜ್ಜು ಕರಗೀತೆಂದು ನಂಬಬೇಕಾಗಿಯೂ ಇಲ್ಲ. ಕಾಯಿಲೆಯಿದ್ದವರು, ಅದರಲ್ಲಿಯೂ ದೇಹದ ರಕ್ಷಣಶಕ್ತಿ ಕುಂದಿದವರು, ಮಾತ್ರೆಯನ್ನು ಕೊಳ್ಳುವ ಮುನ್ನ ವೈದ್ಯರನ್ನು ಕೇಳಲಿ. ಆರೋಗ್ಯವಂತರು ಆ ಹಣದಿಂದ ರಾಗಿಯನ್ನೂ ಕಾಳುಗಳನ್ನೂ ಸೊಪ್ಪುಹಣ್ಣುಗಳನ್ನೂ ಕೊಳ್ಳಲಿ. ನಾವು ಅರಗಿಸಲಾರದೆ ಬಿಟ್ಟ ಅವುಗಳ ನಾರೇ ದೊಡ್ಡ ಕರುಳಿನ ಒಕ್ಕಲಿನ ಅನ್ನ. ಹೊರಗಿನ ನೆಂಟನನ್ನು ಕರೆಯುವ ಮೊದಲು ಮನೆಯ ಒಕ್ಕಲಿಗೆ ಅನ್ನವಿಡಬೇಕೆಂಬುದನ್ನು ಯೇಲಿನ ಇಲಿಗಳು ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದವು.