ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಗ್ರಾಮೀಣ ವಸತಿ ಹಂಚಿಕೆ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಗ್ರಾಮೀಣ ವಸತಿ ಹಂಚಿಕೆ ಎಂದರೆ ಸರ್ಕಾರದ ನೆರವಿನಿಂದ ಕಟ್ಟುವ ಹೊಸ ಮನೆಗಳನ್ನು ಈ ಎರಡು ತಾಲ್ಲೂಕುಗಳ ಹಳ್ಳಿ, ಕಾಲೊನಿ, ಹಾಡಿ ಹಾಗೂ ಪೋಡುಗಳಿಗೆ ಹಂಚುವ ವ್ಯವಸ್ಥೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 10,20,791 ಜನರಿದ್ದರು. ಅವರಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಗ್ರಾಮವಾಸಿಗಳು. ಜನಸಂಖ್ಯೆಯ ಸುಮಾರು ಕಾಲು ಭಾಗ ಪರಿಶಿಷ್ಟ ಜಾತಿಯವರು. ಪರಿಶಿಷ್ಟ ಪಂಗಡದವರು ಹತ್ತರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಆದುದರಿಂದ ಇಲ್ಲಿ ವಸತಿಯ ಪ್ರಶ್ನೆ ಮುಖ್ಯವಾಗಿ ಹಳ್ಳಿಯ ಪ್ರಶ್ನೆ.

ಹಿನ್ನೆಲೆ

ಈ ಭಾಗದ ಹಳೆಯ ಊರುಗಳು ಗ್ರಾಮಠಾಣದ ಎಲ್ಲೆಯೊಳಗೆ ಕೇರಿಕೇರಿಯಾಗಿ ಬೆಳೆದವು. ಮಣ್ಣಿನ ಗೋಡೆ, ನಾಡಹೆಂಚಿನ ಮನೆಗಳು ಒತ್ತೊತ್ತಾಗಿದ್ದವು, ಅದರಾಚೆ ಹೊಲ. ಮಕ್ಕಳು ಬೇರೆಯಾದಂತೆ ಹಟ್ಟಿ ಪಾಲಾಗಿ, ಒಂದೇ ಸೂರಿನಡಿ ಎರಡು ಮೂರು ಒಲೆಗಳು ಉರಿಯುವುದು ಸಾಮಾನ್ಯವಾಯಿತು. ದೇವರಾಜ ಅರಸು ಅವರ ಆಡಳಿತಕಾಲದಲ್ಲಿ (1972–1980) ಜನತಾ ಮನೆಗಳು, 1990ರ ದಶಕದಲ್ಲಿ ಆಶ್ರಯ ಮನೆಗಳು ಬಂದವು. ಜನರು ಇಂದಿಗೂ ಬಡಾವಣೆಗಳನ್ನು ಯೋಜನೆಯ ಹೆಸರಿನಿಂದಲೇ ಕರೆಯುತ್ತಾರೆ. ಅವುಗಳಲ್ಲಿ ಹೆಚ್ಚಿನವು ಊರಿನ ನಡುವೆ ಏಳದೆ, ಸರ್ಕಾರಿ ಭೂಮಿ ಸಿಕ್ಕ ಊರಾಚೆಯ ದಿಣ್ಣೆಗಳಲ್ಲಿ ಎದ್ದವು. ಕೇರಿಯ ಅಂತರವನ್ನು ಅಳಿಸಬಹುದಾಗಿದ್ದ ಅವಕಾಶ ಹೀಗೆ ಅನೇಕ ಕಡೆ ಕೈತಪ್ಪಿತು.

ಹಂಚಿಕೆಯ ಕ್ರಮ

2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ರಾಜ್ಯದ ವಸತಿ ಯೋಜನೆಗಳನ್ನು ನಿರ್ವಹಿಸುತ್ತದೆ. ಬಸವ ವಸತಿ, ದೇವರಾಜ ಅರಸು ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳು ಇವುಗಳಲ್ಲಿ ಪ್ರಮುಖವಾದವು. ಕೇಂದ್ರದ ಇಂದಿರಾ ಆವಾಸ್ ಯೋಜನೆಯ ಸ್ಥಾನದಲ್ಲಿ 2016ರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆ–ಗ್ರಾಮೀಣ ಜಾರಿಯಲ್ಲಿದೆ. ಅದರಲ್ಲಿ ಬಯಲು ಪ್ರದೇಶದ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿಯ ನೆರವನ್ನು ನಿಗದಿಪಡಿಸಲಾಗಿತ್ತು; ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು 60:40ರಂತೆ ಭರಿಸುತ್ತವೆ. ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಕಟ್ಟಡದ ಹಂತಹಂತದ ಛಾಯಾಚಿತ್ರ ದಾಖಲಾದ ಮೇಲೆ ಹಣವು ಕಂತುಗಳಲ್ಲಿ ಫಲಾನುಭವಿಯ ಖಾತೆಗೆ ಸೇರುತ್ತದೆ. ತಳಪಾಯಕ್ಕೆ ಬೇಕಾದ ಮೊದಲ ಹಣವನ್ನು ಸಾಲ ತರಬೇಕಾಗುವ ಕುಟುಂಬಕ್ಕೆ ಈ ಕ್ರಮ ಭಾರವಾಗುವುದುಂಟು.

ಯಾರಿಗೆ ಮನೆ ಎಂಬುದನ್ನು ಗ್ರಾಮಸಭೆ ಪರಿಶೀಲಿಸಬೇಕು. ಕೇಂದ್ರ ಯೋಜನೆಯಲ್ಲಿ ಆರಂಭದಲ್ಲಿ 2011ರ ಸಾಮಾಜಿಕ–ಆರ್ಥಿಕ ಗಣತಿಯ ಪಟ್ಟಿ ಆಧಾರವಾಗಿತ್ತು: ಮೊದಲು ಮನೆಯಿಲ್ಲದವರು, ಅನಂತರ ಒಂದು ಅಥವಾ ಎರಡು ಕೋಣೆಯ ಕಚ್ಚಾ ಮನೆಯವರು. ಆದರೆ ಎಲ್ಲಿ ಮನೆ ಎಂಬುದನ್ನು ಪಟ್ಟಿ ನಿರ್ಧರಿಸುವುದಿಲ್ಲ, ನಿವೇಶನ ನಿರ್ಧರಿಸುತ್ತದೆ.

ಇಂಗ್ಲೆಂಡಿನ ಡರ್ಹಮ್ ಕೌಂಟಿಯ 1951ರ ಯೋಜನೆಯು ಗಣಿಗಳು ಬರಿದಾಗುತ್ತಿದ್ದ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ‘ಡಿ’ ವರ್ಗಕ್ಕೆ ಸೇರಿಸಿ, ಅಲ್ಲಿ ಹೊಸ ಮನೆಗಳಿಗೆ ಅವಕಾಶ ನೀಡದೆ ಜನರನ್ನು ದೊಡ್ಡ ಊರುಗಳತ್ತ ತಿರುಗಿಸಲು ಯತ್ನಿಸಿತು. ನಮ್ಮಲ್ಲಿ ಹಳ್ಳಿಗಳನ್ನು ಹಾಗೆ ವರ್ಗೀಕರಿಸುವ ಕ್ರಮವಿಲ್ಲ. ಆದರೂ ಜಾಗವಿಲ್ಲದ ಊರು ತಾನಾಗಿಯೇ ಹಿಂದೆ ಬೀಳುತ್ತದೆ.

ನಿವೇಶನದ ಸಮಸ್ಯೆ

ಸ್ವಂತ ಜಾಗವಿದ್ದ ಬಡವನಿಗೆ ಮನೆ ಬೇಗ ಮಂಜೂರಾಗುತ್ತದೆ. ಜಾಗವೂ ಇಲ್ಲದ ಕಡುಬಡವ ಕಾಯುತ್ತಾನೆ. ನಿವೇಶನರಹಿತರಿಗೆ ರಾಜ್ಯವೇ ಜಾಗ ಒದಗಿಸಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಸರ್ಕಾರಿ ಭೂಮಿ ಇಲ್ಲದ ಕಡೆ ಖಾಸಗಿ ಜಮೀನನ್ನು ಕೊಳ್ಳಬೇಕು. ಹೆದ್ದಾರಿಗಳು ಹಾದುಹೋಗುವ ಬೇಗೂರು, ಹಂಗಳದಂತಹ ಊರುಗಳ ಬಳಿ ಜಮೀನಿನ ಬೆಲೆ ಒಳನಾಡಿನ ಹಳ್ಳಿಗಳಿಗೆ ಹೋಲಿಸಲಾಗದು. ಅಗ್ಗದ ಜಾಗ ಕೆರೆಯಂಚಿನಲ್ಲೋ ಬಂಡೆಯ ಮೇಲೋ ಸಿಕ್ಕರೆ, ಮನೆಯ ಹಿಂದೆಯೇ ನೀರು, ರಸ್ತೆ, ಚರಂಡಿಗಳ ಖರ್ಚು ಬರುತ್ತದೆ.

ದಾಖಲೆಯ ತೊಡಕು ಬೇರೆ. ಗ್ರಾಮಠಾಣದಾಚೆ ಹೊಲದಲ್ಲಿ ಕಟ್ಟಿದ ಮನೆಗೆ ಭೂಪರಿವರ್ತನೆ ಇಲ್ಲದಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ದೊರೆಯುವುದು ಕಷ್ಟ. ಸರ್ಕಾರಿ ಜಾಗದಲ್ಲಿ ಬಹುಕಾಲದಿಂದ ಮನೆ ಕಟ್ಟಿಕೊಂಡಿರುವವರಿಗೆ 1964ರ ಭೂಕಂದಾಯ ಕಾಯ್ದೆಯ 94-ಸಿ ಕಲಮಿನಡಿ ಸಕ್ರಮದ ಅವಕಾಶವಿದೆ. ತಾಂಡಾ, ಹಟ್ಟಿ, ಹಾಡಿಗಳನ್ನು ಕಂದಾಯ ಗ್ರಾಮಗಳಾಗಿಸುವ ಕೆಲಸವೂ ನಡೆದಿದೆ. ಹೆಸರು ನಕ್ಷೆಯಲ್ಲಿ ಬರದ ಊರಿಗೆ ಮನೆ ಬರುವುದಾದರೂ ಹೇಗೆ?

ಕಾಡಂಚಿನ ಗ್ರಾಮಗಳು

ಬಂಡೀಪುರ 1973ರಲ್ಲಿ ದೇಶದ ಮೊದಲ ಹುಲಿ ಯೋಜನಾ ಪ್ರದೇಶಗಳಲ್ಲಿ ಒಂದಾಯಿತು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವೆಂದೂ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದೂ ಘೋಷಿತವಾಯಿತು. ಬೆಟ್ಟದ ಕಾಡಿನಲ್ಲಿ ಚದುರಿ ಬಾಳುತ್ತಿದ್ದ ಸೋಲಿಗರು ಪೋಡುಗಳಲ್ಲಿ ನೆಲೆನಿಂತರು. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಯಿತು. ರೆಸಾರ್ಟುಗಳಂತಹ ವಾಣಿಜ್ಯ ಕಟ್ಟಡಗಳನ್ನು ನಿಯಂತ್ರಿಸುವುದು ಇಂಥ ವಲಯಗಳ ಗುರಿಯೇ ಹೊರತು ಹಳ್ಳಿಗನ ಸ್ವಂತ ಮನೆಯನ್ನು ತಡೆಯುವುದಲ್ಲ. ಈ ವ್ಯತ್ಯಾಸ ಹಳ್ಳಿಯ ಜನರಿಗೆ ಸ್ಪಷ್ಟವಾಗಿ ತಲುಪಬೇಕಾಗಿದೆ.

2006ರ ಅರಣ್ಯ ಹಕ್ಕು ಕಾಯ್ದೆಯಂತೆ, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ವಾಸವಿರುವ ಪರಿಶಿಷ್ಟ ಪಂಗಡದವರಿಗೆ ವಾಸದ ಹಕ್ಕಿದೆ. ಆ ಹಕ್ಕು ವಂಶಪಾರಂಪರ್ಯವಾಗಿ ಬರುತ್ತದೆ, ಮಾರಲಾಗದು. ಹಕ್ಕುಪತ್ರವಿದ್ದರೂ ಸಿಮೆಂಟು, ಮರಳುಗಳನ್ನು ಕಾಡುದಾರಿಯಲ್ಲಿ ಸಾಗಿಸುವಷ್ಟರಲ್ಲಿ ಬಯಲಿನ ಲೆಕ್ಕದ ಮೊತ್ತ ಕರಗುತ್ತದೆ.

2023ರ ನವೆಂಬರಿನಲ್ಲಿ ಆರಂಭವಾದ ಪಿಎಂ-ಜನಮನ್ ಯೋಜನೆಯು ವಿಶೇಷ ದುರ್ಬಲ ಬುಡಕಟ್ಟುಗಳ ಮನೆಗೆ 2 ಲಕ್ಷ ರೂಪಾಯಿ ನೀಡುತ್ತದೆ. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವವರು ಜೇನುಕುರುಬರು ಮತ್ತು ಕೊರಗರು ಮಾತ್ರ. ಗುಂಡ್ಲುಪೇಟೆಯ ಕಾಡಂಚಿನಲ್ಲಿ ಜೇನುಕುರುಬರೂ ಸೋಲಿಗರೂ ವಾಸಿಸುತ್ತಾರೆ. ಸೋಲಿಗರು ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ.