ಹಾದಿ ಬಲ್ಲವರನ್ನು ಕೇಳಿ ಹೋಗಬೇಕು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳಿಗೆ ಇಂದು ಬಸ್ಸು ಹತ್ತಿ ನಿಶ್ಚಿಂತೆಯಿಂದ ಹೋಗಿ ಬರುತ್ತೇವೆ. ಆದರೆ ಸುಮಾರು ಇನ್ನೂರು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಪ್ರಯಾಣ ಹೊರಡುವುದೆಂದರೆ ಜೀವ ಕೈಯಾಗ ಹಿಡಕೊಂಡಂಗ. ಹಾದಿ ಸುರಕ್ಷಿತ ಐತೋ ಇಲ್ಲೋ ಅಂತ ತಿಳಿಯೋದು ಹೆಂಗ? ನಮ್ಮ ಸೀಮೆಯ ಇತಿಹಾಸವೇ ಇದಕ್ಕೆ ಉತ್ತರ ಕೊಡುತ್ತದೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಯುದ್ಧದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತನು. ಅದೇ ಡಿಸೆಂಬರಿನಲ್ಲಿ ಕೋಟೆ ಇಂಗ್ಲಿಷರ ಕೈಸೇರಿತು. ರಾಣಿ ಚನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಆಮೇಲೆ ಸಂಗೊಳ್ಳಿ ರಾಯಣ್ಣ ಕಾಡು ಹಿಡಿದು ಸರಕಾರದ ಕಚೇರಿಗಳ ಮೇಲೆ ಬಿದ್ದನು. ಸರಕಾರಿ ಸವಾರರಿಗೆ ಭಯ ಹುಟ್ಟಿಸಿದ ಆ ಕಾಡುಹಾದಿ ರಾಯಣ್ಣನಿಗೆ ಮನೆ ಇದ್ದಂತೆ. ಯಾಕಂದರೆ ಹಳ್ಳಿಯ ಜನ ಅವನ ಬೆನ್ನಿಗಿದ್ದರು. ಆದರೆ 1830ರಲ್ಲಿ ಅವನನ್ನು ಹಿಡಿದುಕೊಟ್ಟವರೂ ಜೊತೆಯವರೇ! 1831ರ ಜನವರಿ 26ರಂದು ನಂದಗಡದಲ್ಲಿ ಅವನಿಗೆ ಗಲ್ಲಾಯಿತು. ಅಂದ ಮೇಲೆ ಹಾದಿ ತಾನಾಗಿ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಹಾದಿಬದಿಯ ಜನ ನಮ್ಮವರೋ ಅಲ್ಲವೋ ಎಂಬುದೇ ಮುಖ್ಯ.

ಎರಡನೆಯ ಸಂಗತಿ ರಾಮದುರ್ಗದ ಕಡೆಯದು. ನರಗುಂದದ ಬಾಬಾಸಾಹೇಬರಿಗೆ ದತ್ತಕ ತೆಗೆದುಕೊಳ್ಳಲು ಇಂಗ್ಲಿಷರು ಪರವಾನಗಿ ಕೊಡಲಿಲ್ಲ. 1858ರ ಮೇ ತಿಂಗಳಲ್ಲಿ ಅಲ್ಲಿ ಬಂಡಾಯದ ಹೊಗೆ ಎದ್ದಿತ್ತು. ಆಗ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದನು. ರಾಮದುರ್ಗದ ಅರಸರು ನರಗುಂದದವರ ಸಂಬಂಧಿಕರು, ಒಳಗಿನ ಸುದ್ದಿ ಬಲ್ಲವರು. ದೊಡ್ಡ ಬೆಂಗಾವಲು ಇಲ್ಲದೆ ನರಗುಂದದ ಸೀಮೆ ದಾಟಬೇಡಿ ಎಂದು ತಿಳಿಸಿ ಹೇಳಿದರು. ಆದರೂ ಆತ ಕೆಲವೇ ಸವಾರರೊಡನೆ ಹೊರಟು ಸುರೇಬಾನದಲ್ಲಿ ರಾತ್ರಿ ವಸ್ತಿ ಮಾಡಿದನು. ಮೇ 29ರ ಆ ರಾತ್ರಿಯೇ ನರಗುಂದದ ದಂಡು ಬಿದ್ದು ಆತನ ಕತೆ ಮುಗಿಯಿತು. ಬಾಬಾಸಾಹೇಬರನ್ನು ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವರ ತ್ಯಾಗಕ್ಕೆ ನಾವು ಕೈಮುಗಿಯುತ್ತೇವೆ. ಆದರೆ ಪ್ರಯಾಣಿಕನಿಗೆ ಇದರೊಳಗೆ ಒಂದು ಪಾಠ ಐತಿ: ಹಾದಿ ಬಲ್ಲವರ ಮಾತಿಗಿಂತ ಅವಸರ ದೊಡ್ಡದಾಗಬಾರದು.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟರೆ ಹತ್ತಾರು ಚಕ್ಕಡಿ ಸಾಲುಗಟ್ಟಿ ಹೋಗುತ್ತಿದ್ದರು. ಒಬ್ಬನ ಹೋಗಬ್ಯಾಡ, ಹೊತ್ತು ಮುಳುಗೂದರೊಳಗ ಊರು ಸೇರು, ಮುಂದಿನ ಹಾದಿ ಈ ಊರಾಗ ಕೇಳು ಅನ್ನೋದು ಅವರ ಕಾನೂನು.

ಈಗ ದಂಡಿನ ಭಯ ಇಲ್ಲ, ದರೋಡೆಯ ಭಯವೂ ಮೊದಲಿನಂತಿಲ್ಲ. ಹಂಗಂತ ಹಾದಿಯ ಅಪಾಯ ಹೋಗಿಲ್ಲ, ವೇಷ ಬದಲಿಸಿದೆ. ಕಿತ್ತೂರಿನ ಹೆದ್ದಾರಿಯಲ್ಲಿ ಗಾಡಿಗಳು ಬಾಣದಂತೆ ಓಡುತ್ತವೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರೇಲರ್ ಕತ್ತಲೆಯಲ್ಲಿ ನಿಂತರೆ ಬೈಕಿನವನಿಗೆ ಅದೇ ಯಮ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಮರೆಯಬಾರದು. ನೀರು ಹರಿಯುವ ಸೇತುವೆ ನಿನ್ನೆ ದಾಟಿದ್ದೆ ಎಂದು ಇಂದು ದಾಟಬಾರದು. ದಂಡೆಯ ಊರವರನ್ನು ಕೇಳಬೇಕು.

ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ನನ್ನದೊಂದು ಸೂಚನೆ. ನಮ್ಮ ಸದಸ್ಯರ ಪ್ರತಿಯೊಂದು ಟ್ರೇಲರಿನ ಹಿಂದೆ ಈ ಹಂಗಾಮಿನೊಳಗೆ ರೇಡಿಯಂ ಪಟ್ಟಿ ಬೀಳಲಿ. ಬರುವ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯ ಎತ್ತೋಣ. ಸಾಲ ತೀರಿಸಲು ವಾಯಿದೆ ಸಿಗುತ್ತದೆ, ಹೋದ ಜೀವಕ್ಕೆ ಸಿಗೂದಿಲ್ಲ.