ಎಂಜಿನ್ ಬಿಸಿಯೇರಿಕೆ ಮತ್ತು ಕೂಲೆಂಟ್ ಸೋರಿಕೆ: ಬಳ್ಳಾರಿಯ ಹಳೆಯ ಪಶ್ಚಿಮ ತಾಲ್ಲೂಕುಗಳ ಜೀಪು, ಟ್ರ್ಯಾಕ್ಟರುಗಳಲ್ಲಿ

ಎಂಜಿನ್‌ನಲ್ಲಿ ಇಂಧನ ಉರಿದು ಹುಟ್ಟುವ ಶಾಖದ ಸ್ಥೂಲವಾಗಿ ಮೂರರಲ್ಲೊಂದು ಪಾಲು ಚಕ್ರಕ್ಕೆ ಸಲ್ಲುತ್ತದೆ, ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊರಬೀಳುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ಕೂಲೆಂಟ್ ಎಂಬ ದ್ರವ ಹೊತ್ತು ತಂದು ರೇಡಿಯೇಟರಿನ ಮೂಲಕ ಗಾಳಿಗೆ ಬಿಡಬೇಕು. ಈ ಸಾಗಣೆ ಎಲ್ಲಿ ತಡೆದರೂ ಎಂಜಿನ್ ಮಿತಿಮೀರಿ ಕಾಯುತ್ತದೆ. ಹಾಗೇ ಓಡಿಸಿದರೆ ಸಿಲಿಂಡರ್ ಹೆಡ್ ಸೊಟ್ಟಗಾಗುವುದು, ಹೆಡ್ ಗ್ಯಾಸ್ಕೆಟ್ ಸುಡುವುದು, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುವುದು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಈ ದೋಷಕ್ಕೆ ನೆಲ, ನೀರು, ಬೆಳೆ ಮೂರೂ ಕಾರಣವಾಗುತ್ತವೆ.

ವಾಹನಗಳು ಮತ್ತು ನೆಲ

ಇಲ್ಲಿ ಡಾಂಬರು ಬಿಟ್ಟು ಓಡುವ ವಾಹನಗಳಲ್ಲಿ ಟ್ರ್ಯಾಕ್ಟರಿಗೇ ಮೊದಲ ಸ್ಥಾನ. ಅದರ ಹಿಂದೆ ಹಳೆಯ ಮಹೀಂದ್ರಾ ಜೀಪು, ಬೊಲೆರೊ, ಊರಿಂದೂರಿಗೆ ಜನರನ್ನು ಸಾಗಿಸುವ ಟ್ರ್ಯಾಕ್ಸ್ ಮತ್ತು ಕ್ರೂಸರ್‌ಗಳು. ಹೊಸ ಥಾರ್‌ಗಳು ಬಂದಿವೆಯಾದರೂ ದುಡಿಮೆಯ ಗಾಡಿಗಳಲ್ಲ. ಗುಡೇಕೋಟೆ ಕರಡಿಧಾಮದ ಸುತ್ತಣ ಬಂಡೆಗುಡ್ಡಗಳ ದಾರಿಯಲ್ಲಿ ಗಾಡಿ ಕೆಳಗಿನ ಗೇರಿನಲ್ಲೇ ತೆವಳಬೇಕು. ಎಂಜಿನ್ ಜೋರಾಗಿ ತಿರುಗುತ್ತದೆ, ಆದರೆ ವೇಗವಿಲ್ಲದ್ದರಿಂದ ರೇಡಿಯೇಟರಿಗೆ ಎದುರುಗಾಳಿ ಸಿಗದು. ಭಾರವೆಲ್ಲ ಫ್ಯಾನಿನ ಮೇಲೆ. ಹಡಗಲಿ, ಹಗರಿಬೊಮ್ಮನಹಳ್ಳಿಯ ಎರೆಹೊಲಗಳಲ್ಲಿ ಮಳೆ ಬಿದ್ದ ಮೇಲೆ ಚಕ್ರ ಹೂತು ಎಳೆಯುವಾಗಲೂ ಇದೇ ಸ್ಥಿತಿ. ಹಳ್ಳದ ದಂಡೆಯ ಬಳ್ಳಾರಿ ಜಾಲಿಯ ಕೊಂಬೆಗಳು ರೇಡಿಯೇಟರಿನ ರೆಕ್ಕೆಗಳನ್ನು ಮಡಚುತ್ತವೆ, ಕೆಳಗಿನ ಹೋಸ್ ಪೈಪನ್ನು ಗೀರುತ್ತವೆ. ಇವಕ್ಕೆ ಏಪ್ರಿಲ್, ಮೇ ತಿಂಗಳುಗಳ 40 ಡಿಗ್ರಿ ಆಸುಪಾಸಿನ ಬಿಸಿಲೂ ಸೇರುತ್ತದೆ.

ಒತ್ತಡ ಮತ್ತು ಮುಚ್ಚಳ

ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಸುಮಾರು 600 ಮೀಟರ್ ಎತ್ತರದ ಕೂಡ್ಲಿಗಿಯಲ್ಲಿ 98 ಡಿಗ್ರಿಗೇ ಕುದಿಯುತ್ತದೆ. ಕುದಿಯನ್ನು ಮುಂದೂಡುವುದು ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು. ಹಳೆಯ ಜೀಪುಗಳ ಮುಚ್ಚಳ 0.3ರಿಂದ 0.5 ಬಾರ್ ಒತ್ತಡವನ್ನಷ್ಟೇ ಹಿಡಿಯುತ್ತಿತ್ತು. ಇಲ್ಲಿನ ಎತ್ತರದಲ್ಲಿ ಬರಿ ನೀರು 105ರಿಂದ 110 ಡಿಗ್ರಿಯವರೆಗೆ ತಡೆಯುತ್ತಿತ್ತು. ಈಗಿನ ಗಾಡಿಗಳ ಮುಚ್ಚಳ ಸಾಮಾನ್ಯವಾಗಿ 0.9ರಿಂದ 1.1 ಬಾರ್ ಹಿಡಿಯುವುದರಿಂದ ಕುದಿಬಿಂದು 120ರ ಹತ್ತಿರಕ್ಕೆ ಹೋಗುತ್ತದೆ. ಮುಚ್ಚಳದ ರಬ್ಬರು ಸವೆದರೆ ಎಲ್ಲೂ ತೂತಿಲ್ಲದೆಯೂ ನೀರು ಖಾಲಿಯಾಗುತ್ತದೆ. ಅಗ್ಗದ ಭಾಗವೆಂದು ಇದನ್ನು ಯಾರೂ ಪರೀಕ್ಷಿಸುವುದಿಲ್ಲ. ಪರೀಕ್ಷೆಯ ಮೊದಲ ಹೆಜ್ಜೆ ಇದೇ ಆಗಬೇಕು.

ಕೊಳವೆಬಾವಿಯ ನೀರು

ಈ ಭಾಗದ ಬಿಸಿಯೇರಿಕೆಯನ್ನು ಬೇರೆಡೆಯದರಿಂದ ಪ್ರತ್ಯೇಕಿಸುವ ಮುಖ್ಯ ಸಂಗತಿ ರೇಡಿಯೇಟರಿಗೆ ಸುರಿಯುವ ನೀರು. ಗ್ರಾನೈಟ್, ನೈಸ್ ಶಿಲೆಗಳ ಬಿರುಕುಗಳಿಂದ ಎತ್ತುವ ಕೊಳವೆಬಾವಿ ನೀರು ಹಲವು ಊರುಗಳಲ್ಲಿ ಗಡಸು. ಕೆಲವೆಡೆ ಫ್ಲೋರೈಡ್ ಕೂಡ ಹೆಚ್ಚು. ಫ್ಲೋರೈಡ್ ಮನುಷ್ಯರ ಹಲ್ಲು, ಮೂಳೆಗೆ ಹಾನಿ ಮಾಡುತ್ತದೆ. ಎಂಜಿನ್ ಮಟ್ಟಿಗೆ ಲೆಕ್ಕಕ್ಕೆ ಬರುವುದು ಗಡಸುತನ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಅಪೇಕ್ಷಿತ ಮಿತಿ. ಬೇರೆ ನೀರಿಲ್ಲದಾಗ 600ರವರೆಗೆ ಅನುಮತಿಯುಂಟು. ಅಂದರೆ ಕುಡಿಯಲು ಒಪ್ಪಿತವಾದ ನೀರು ಎಂಜಿನ್‌ಗೆ ಒಗ್ಗದಿರಬಹುದು.

ಗಡಸು ನೀರು ಕಾದಾಗ ಅದರಲ್ಲಿ ಕರಗಿದ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಅತಿ ಬಿಸಿಯಾದ ಲೋಹದ ಮೇಲೆ ಕೂರುತ್ತದೆ. ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿ ಸುಣ್ಣ ಇದೇ. ಎಂಜಿನ್‌ನಲ್ಲಿ ಅತಿ ಬಿಸಿಯಾದ ಜಾಗ ಸಿಲಿಂಡರ್ ಹೆಡ್ಡಿನ ಕವಾಟಗಳ ನಡುವಣ ಸೇತುವೆ. ತಂಪು ಎಲ್ಲಕ್ಕಿಂತ ಹೆಚ್ಚು ಬೇಕಾದಲ್ಲಿಯೇ ಪದರ ಬೆಳೆಯುತ್ತದೆ. ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಈ ಸುಣ್ಣದ ಶಾಖವಾಹಕತೆ ಸುಮಾರು ಇಪ್ಪತ್ತರಲ್ಲೊಂದು ಪಾಲು. ಆದ್ದರಿಂದ ತೆಳುಪದರವೂ ಹೆಡ್ಡಿನ ಬಿಸಿಯನ್ನು ಗಮನಾರ್ಹವಾಗಿ ಏರಿಸುತ್ತದೆ. ಕೂಲೆಂಟಿನ ಬಿಸಿಯನ್ನಷ್ಟೇ ಅಳೆಯುವ ಮೀಟರಿಗೆ ಅದು ಕಾಣಿಸದೆ ಇರಬಹುದು.

ಒಂದು ಲೆಕ್ಕ ಮಾಡಿ ನೋಡಬಹುದು. ಲೀಟರಿಗೆ 400 ಮಿಲಿಗ್ರಾಂ ಗಡಸುತನದ ನೀರನ್ನು ಹತ್ತು ಲೀಟರಿನ ವ್ಯವಸ್ಥೆಗೆ ಒಮ್ಮೆ ತುಂಬಿ ಮುಚ್ಚಿದರೆ ಒಳಸೇರುವುದು ಹೆಚ್ಚೆಂದರೆ 4 ಗ್ರಾಂ ಸುಣ್ಣ. ಅಷ್ಟರಿಂದ ದೊಡ್ಡ ಕೇಡಿಲ್ಲ. ಅದೇ ಗಾಡಿ ಸೋರುತ್ತಿದ್ದು ದಿನಕ್ಕೆರಡು ಲೀಟರ್ ಮೇಲುನೀರು ಬೇಡಿದರೆ ನೂರು ದಿನದ ದುಡಿಮೆಯಲ್ಲಿ 200 ಲೀಟರ್ ನೀರು ಹಾಯ್ದು, ಗರಿಷ್ಠ 80 ಗ್ರಾಂ ಸುಣ್ಣವನ್ನು ತರುತ್ತದೆ. ಸೋರಿಹೋದ ನೀರಿಗಿಂತ ಅದರ ಬದಲಿಗೆ ಸುರಿದ ನೀರೇ ಎಂಜಿನ್ನನ್ನು ಹಾಳುಮಾಡುವ ಬಗೆ ಇದು. ಸಣ್ಣ ಸೋರಿಕೆಯನ್ನು ‘ಕ್ಯಾನಿನಲ್ಲಿ ನೀರಿದೆ, ನಡೀತೈತಿ’ ಎಂದು ಬಿಡುವ ರೂಢಿಯೇ ಈ ತಾಲ್ಲೂಕುಗಳ ಎಂಜಿನ್‌ಗಳಿಗೆ ಅತಿ ದುಬಾರಿಯದೆಂದು ಹೇಳಬೇಕಾಗುತ್ತದೆ.

ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಇನ್ನೊಂದು ಅಪಾಯವಿದೆ. ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಓಡಾಡುವ ಕೊಳವೆಯಾದ ಲೈನರಿನ ಹೊರಮೈ ನೇರವಾಗಿ ನೀರಿನಲ್ಲೇ ಇರುತ್ತದೆ. ಪ್ರತಿ ಸ್ಫೋಟಕ್ಕೂ ಲೈನರ್ ಕಂಪಿಸಿ, ಅದರ ಮೈಮೇಲೆ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆಯುವ ಪೆಟ್ಟಿಗೆ ಲೋಹ ಚುಕ್ಕಿಚುಕ್ಕಿಯಾಗಿ ಕೊರೆಯುತ್ತ ಹೋಗಿ ಒಂದು ದಿನ ತೂತಾಗುತ್ತದೆ. ಕೂಲೆಂಟಿನ ರಾಸಾಯನಿಕಗಳು ಲೈನರಿನ ಮೇಲೆ ರಕ್ಷಣೆಯ ಪೊರೆ ಕಟ್ಟಿ ಇದನ್ನು ತಡೆಯುತ್ತವೆ. ಬರಿ ನೀರಿಗೆ, ಅದೆಷ್ಟೇ ಶುದ್ಧವಾಗಿರಲಿ, ಆ ಗುಣವಿಲ್ಲ.

ಹೀಗಾಗಿ ಆಯ್ಕೆಯ ಕ್ರಮ ಹೀಗಿರಬೇಕು: ಬೆರೆಸಿಯೇ ಬರುವ ಕೂಲೆಂಟ್ ಉತ್ತಮ. ಗಟ್ಟಿ ಕೂಲೆಂಟಾದರೆ ಬ್ಯಾಟರಿ ನೀರಿನಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಬೆರೆಸಬೇಕು. ಅದೂ ಸಿಗದಿದ್ದರೆ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬಳಸಬಹುದು. ಗಾಡಿ ನಿಂತು ಜೀವಕ್ಕೆ ಬಂದಾಗ ಕೊಳವೆಬಾವಿ ನೀರು ಸುರಿದರೆ ತಪ್ಪಲ್ಲ, ಆದರೆ ಊರು ಸೇರಿದ ಮೇಲೆ ಬಸಿದು ತೊಳೆಯಬೇಕು.

ಯಾವಾಗ ಕಾಯುತ್ತದೆ?

ಎಂಜಿನ್ ಕಾಯುವ ಹೊತ್ತೇ ಅರ್ಧ ಉತ್ತರ. ಮೈಲಾರ ಜಾತ್ರೆಯ ಅಥವಾ ಕೊಟ್ಟೂರು ತೇರಿನ ವಾಹನಸಾಲಿನಲ್ಲಿ ನಿಂತು ಕಾದು, ದಾರಿ ಬಿಟ್ಟೊಡನೆ ತಣಿದರೆ ಫ್ಯಾನು, ಫ್ಯಾನ್ ಬೆಲ್ಟು ಅಥವಾ ಫ್ಯಾನಿನ ಕ್ಲಚ್ಚನ್ನು ಶಂಕಿಸಬೇಕು. ನಿಂತಾಗ ಸರಿಯಿದ್ದು, ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಓಡುವಾಗ ಅಥವಾ ಸಂಡೂರಿನ ಏರುದಾರಿಯಲ್ಲಿ ಲೋಡು ಎಳೆಯುವಾಗ ಕಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ರೇಡಿಯೇಟರಿಗೆ ನೀರು ಬಿಡುವ ಕವಾಟವಾದ ಥರ್ಮೋಸ್ಟಾಟ್ ಪೂರ್ತಿ ತೆರೆಯದಿರಬಹುದು, ಅಥವಾ ವಾಟರ್ ಪಂಪಿನ ಎಳೆತಕ್ಕೆ ಕೆಳಗಿನ ಹೋಸ್ ಒಳಕ್ಕೆ ಮುದುಡಿಕೊಳ್ಳುತ್ತಿರಬಹುದು. ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಮೀಟರ್ ಏರಿದರೆ ನೀರು ಕಡಿಮೆಯಿದೆ, ಥರ್ಮೋಸ್ಟಾಟ್ ಮುಚ್ಚಿಯೇ ಇದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಥರ್ಮೋಸ್ಟಾಟನ್ನು ಬಿಚ್ಚಿ, ಥರ್ಮಾಮೀಟರ್ ಇಟ್ಟ ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಬಹುದು. ಬಹುಪಾಲು ಮಾದರಿಗಳು 82ರಿಂದ 88 ಡಿಗ್ರಿಯ ನಡುವೆ ತೆರೆಯತೊಡಗುತ್ತವೆ. ಬೇಸಿಗೆಯೆಂದು ಅದನ್ನು ಕಿತ್ತೇ ಬಿಸಾಡುವ ಪದ್ಧತಿ ಗ್ಯಾರೇಜುಗಳಲ್ಲಿ ಬಲವಾಗಿದೆ. ಕೆಲವು ಎಂಜಿನ್‌ಗಳಲ್ಲಿ ಅದು ಅಡ್ಡದಾರಿಯ ಕೊಳವೆಯನ್ನೂ ಮುಚ್ಚುವ ಭಾಗ. ಕಿತ್ತರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಎಂಜಿನ್‌ನಲ್ಲೇ ಸುತ್ತಿ ಕಾವು ಇನ್ನೂ ಏರುತ್ತದೆ.

ರಾಶಿಯ ಹೊತ್ತಿನ ಬಿಸಿಯೇರಿಕೆ

ಹರಪನಹಳ್ಳಿ, ಹಡಗಲಿ ಕಡೆಯ ಮೆಕ್ಕೆಜೋಳದ ಕಣದಲ್ಲಿ ಟ್ರ್ಯಾಕ್ಟರ್ ನಿಂತಲ್ಲೇ ಗಂಟೆಗಟ್ಟಲೆ ರಾಶಿ ಮಷಿನ್ ತಿರುಗಿಸುತ್ತದೆ. ಹಾರುವ ರವದಿ, ಹೊಟ್ಟನ್ನು ಫ್ಯಾನ್ ತಾನೇ ಎಳೆದು ರೇಡಿಯೇಟರಿಗೆ ಹಚ್ಚುತ್ತದೆ. ಕೂಡ್ಲಿಗಿ, ಕೊಟ್ಟೂರಿನ ಶೇಂಗಾ ಕಣದಲ್ಲಿ ಹೊಟ್ಟಿನೊಂದಿಗೆ ಕೆಮ್ಮಣ್ಣಿನ ಧೂಳೂ ಸೇರುತ್ತದೆ. ಎಣ್ಣೆಯ ಪಸೆಯಿದ್ದರೆ ಗಾರೆಯಂತೆ ಮೆತ್ತಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸಿ, ಫ್ಯಾನಿನ ಕಡೆಯಿಂದ ಹೊರಮುಖವಾಗಿ ಗಾಳಿ ಊದಿ ತೆಗೆಯಬೇಕು. ಎದುರಿನಿಂದ ಜೋರಾಗಿ ಊದಿದರೆ ಕಸ ಇನ್ನಷ್ಟು ಒಳಸೇರುತ್ತದೆ. ಯಂತ್ರವನ್ನು ಗಾಳಿಗೆ ಅಡ್ಡಲಾಗಿ ನಿಲ್ಲಿಸಿ ಹೊಟ್ಟು ಟ್ರ್ಯಾಕ್ಟರಿನತ್ತ ಬಾರದಂತೆ ಮಾಡುವುದು ಇದಕ್ಕಿಂತ ಸುಲಭ.

ಸೋರಿಕೆಯ ಪತ್ತೆ

ಪರೀಕ್ಷೆ ತಣ್ಣಗಿರುವ ಎಂಜಿನ್ ಮೇಲೆಯೇ ನಡೆಯಬೇಕು. ಬಿಸಿಯಿದ್ದಾಗ ಮುಚ್ಚಳ ತೆರೆದರೆ ಒತ್ತಡ ಇಳಿದೊಡನೆ ನೀರು ಆವಿಯಾಗಿ ಚಿಮ್ಮಿ ಮುಖ, ತೋಳು ಬೇಯುತ್ತವೆ. ಮುಚ್ಚಳದ ಜಾಗಕ್ಕೆ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ನಮೂದಾದಷ್ಟೇ ಒತ್ತಡ ಕೊಟ್ಟು ಹತ್ತು ಹದಿನೈದು ನಿಮಿಷ ಕಾಯಬೇಕು. ಮುಳ್ಳು ಇಳಿದರೆ ಸೋರಿಕೆ ಖಚಿತ. ಹೋಸ್ ಪೈಪಿನ ಕ್ಲಿಪ್ಪು, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಅಲ್ಯೂಮಿನಿಯಂ ಸೇರುವ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಬ್ಲಾಕಿನ ಪಕ್ಕದ ತಟ್ಟೆಯಾಕಾರದ ಪ್ಲಗ್ಗುಗಳು ನೋಡಬೇಕಾದ ಸ್ಥಳಗಳು. ಪಂಪಿನ ಆ ತೂತಿನಿಂದ ನೀರು ಜಿನುಗಿದರೆ ಸೀಲು ಮುಗಿದಿದೆ ಎಂದರ್ಥ. ತೂತನ್ನು ಮುಚ್ಚಬಾರದು, ಮುಚ್ಚಿದರೆ ನೀರು ಬೇರಿಂಗಿಗೆ ಇಳಿಯುತ್ತದೆ. ಒಣಗಿದ ಮೇಲೆ ಉಳಿಯುವ ಬಿಳಿ ಅಥವಾ ಕೂಲೆಂಟಿನ ಬಣ್ಣದ ಕಲೆ ಈ ಧೂಳಿನ ಸೀಮೆಯಲ್ಲಿ ಒಳ್ಳೆಯ ಸಾಕ್ಷಿ.

ಹೊರಗೆ ಹನಿಯಿಲ್ಲದೆ ‘ಗಾಡಿ ನೀರು ಕುಡೀತೈತಿ’ ಎಂದಾದರೆ ಮುಚ್ಚಳ ಸರಿಯಿದೆಯೆಂದು ಖಚಿತವಾದ ಮೇಲೆ ಒಳಸೋರಿಕೆಯನ್ನು ಹುಡುಕಬೇಕು. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಬಿಡದೆ ಏಳುವ ಗುಳ್ಳೆ, ಸ್ಟಾರ್ಟ್ ಮಾಡುತ್ತಲೇ ಮೇಲಿನ ಹೋಸ್ ಬಿಗಿಯಾಗುವುದು ಹೆಡ್ ಗ್ಯಾಸ್ಕೆಟಿನತ್ತ ಬೊಟ್ಟು ಮಾಡುತ್ತವೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿ, ಹಾಲುಬಣ್ಣಕ್ಕೆ ತಿರುಗಿದ್ದರೆ ಗ್ಯಾಸ್ಕೆಟ್ ಜೊತೆಗೆ ಲೈನರಿನ ರಬ್ಬರ್ ಉಂಗುರಗಳನ್ನೂ ನೋಡಬೇಕು. ಅಂಥ ಎಂಜಿನ್ನನ್ನು ಮತ್ತೆ ತಿರುಗಿಸಕೂಡದು.

ದಾರಿಯ ಚಿಕಿತ್ಸೆ

ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ದೇಶದ ಚಾಲಕರ ಹಳೆಯ ಉಪಾಯ. ಪುಡಿ ಉಬ್ಬಿ ಸಣ್ಣ ತೂತನ್ನು ಮುಚ್ಚುವುದು ನಿಜ. ಅದೇ ಪುಡಿ ಸುಣ್ಣ ಕಟ್ಟಿದ ಕಿರಿದಾದ ಕೊಳವೆಗಳನ್ನೂ ಮುಚ್ಚುತ್ತದೆ. ಹತ್ತಿರದ ಗ್ಯಾರೇಜು ಮುಟ್ಟುವವರೆಗೆ ಮಾತ್ರ ಅದನ್ನು ಒಪ್ಪಬಹುದು. ಕಾದ ಎಂಜಿನ್ ಮೇಲೆ ತಣ್ಣೀರು ಎರಚುವುದನ್ನು ಯಾವ ಸ್ಥಿತಿಯಲ್ಲೂ ಒಪ್ಪಲಾಗದು, ಹೆಡ್ ಬಿರಿಯಬಹುದು. ಹಳೆಯ ತಾಮ್ರ, ಹಿತ್ತಾಳೆಯ ರೇಡಿಯೇಟರನ್ನು ಬಿಚ್ಚಿ, ಕೊಳವೆಗಳಲ್ಲಿ ಕಡ್ಡಿ ಆಡಿಸಿ, ಬೆಸುಗೆ ಹಾಕಿ ಮತ್ತೆ ಬಳಸಬಹುದಿತ್ತು. ಪ್ಲಾಸ್ಟಿಕ್ ತೊಟ್ಟಿಯ ಅಲ್ಯೂಮಿನಿಯಂ ರೇಡಿಯೇಟರಿಗೆ ಆ ವಿದ್ಯೆ ಅನ್ವಯಿಸದು, ಸಾಮಾನ್ಯವಾಗಿ ಬದಲಿಸಬೇಕಾಗುತ್ತದೆ.

ಬಸಿದ ಕೂಲೆಂಟ್

ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ನಾಯಿ, ದನ, ಕುರಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯಬಹುದು. ಮಕ್ಕಳಿಗೂ ಅಷ್ಟೇ ಅಪಾಯ. ಕುರಿಹಿಂಡುಗಳು ಹಳ್ಳ, ತೊಟ್ಟಿಗಳ ನೀರನ್ನೇ ನಂಬಿರುವ ಈ ತಾಲ್ಲೂಕುಗಳಲ್ಲಿ ಬಸಿದ ಕೂಲೆಂಟನ್ನು ನೆಲಕ್ಕೆ ಬಿಡದೆ, ಮುಚ್ಚಳವಿರುವ ಕ್ಯಾನಿನಲ್ಲಿ ಹಿಡಿದು, ಗುರುತು ಬರೆದು, ಹಳೆಯ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿಗೆ ವಿಚಾರಿಸಿ ಒಪ್ಪಿಸಬೇಕು.